ಕ್ಯಾಮೆರಾ ಸರಿಯಾಗಿಯೇ ನೋಡುತ್ತಿದೆ, ಪಿಎಲ್‌ಸಿ ಮಾತ್ರ ಪಕ್ಕದ ಪೀಸ್ ತಳ್ಳುತ್ತಿದೆ

ಬೆಲ್ಟ್‌ಪಕ್ಕ

ಎಲ್ಲರಿಗೂ ನಮಸ್ಕಾರ. ಒಂದು ಪ್ಯಾಕಿಂಗ್ ಲೈನ್‌ನಲ್ಲಿ ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ನೋಡಲು ಸ್ಮಾರ್ಟ್ ಕ್ಯಾಮೆರಾ ಇದೆ. ಪಿಎಲ್‌ಸಿಗೆ (ಲೈನ್ ನಡೆಸುವ ಕಂಟ್ರೋಲರ್) ಜೋಡಿಸಿರುವುದು ಬರೀ 24 ವೋಲ್ಟ್ ವೈರ್‌ನಲ್ಲಿ. ಫೋಟೋ ಸೆನ್ಸರ್ ಪಿಎಲ್‌ಸಿ ಇನ್‌ಪುಟ್‌ಗೆ ಬರುತ್ತದೆ. ಪಿಎಲ್‌ಸಿ ಒಂದು ಔಟ್‌ಪುಟ್‌ನಿಂದ ಕ್ಯಾಮೆರಾಗೆ ಟ್ರಿಗರ್, ಅಂದರೆ ಚಿತ್ರ ತೆಗೆ ಅನ್ನುವ ಸಿಗ್ನಲ್ ಕೊಡುತ್ತದೆ. ಕ್ಯಾಮೆರಾದಿಂದ ಪಾಸ್, ಫೇಲ್ ಅಂತ ಎರಡು ವೈರ್ ವಾಪಸ್. ಫೇಲ್ ಬಂದರೆ 1.2 ಸೆಕೆಂಡ್ ಟೈಮರ್ ಓಡಿ, ಆಮೇಲೆ ಗಾಳಿ ಸಿಲಿಂಡರ್ ಪೀಸನ್ನು ಹೊರಗೆ ತಳ್ಳುತ್ತದೆ.

ನಿಧಾನಕ್ಕೆ ಓಡಿಸಿ ಟೈಮರನ್ನೂ ಆ ವೇಗಕ್ಕೆ ಹೊಂದಿಸಿದರೆ ಏನೂ ತೊಂದರೆ ಇಲ್ಲ. ಪೂರ್ತಿ ಸ್ಪೀಡ್‌ನಲ್ಲಿ ಕೆಲವೊಮ್ಮೆ ಕೆಟ್ಟ ಪೀಸ್ ಮುಂದೆ ಹೋಗುತ್ತದೆ, ಪಕ್ಕದ ಒಳ್ಳೇ ಪೀಸ್ ಹೊರಗೆ ಬೀಳುತ್ತದೆ. ಕ್ಯಾಮೆರಾ ಸ್ಕ್ರೀನ್ ನೋಡಿದರೆ ಕೆಟ್ಟದ್ದಕ್ಕೆ ಸರಿಯಾಗಿ ಕೆಂಪು ಬಂದಿರುತ್ತದೆ. ಬೆಲ್ಟ್ ನಿಂತು ಮತ್ತೆ ಶುರುವಾದಾಗ ಈ ಗೋಳು ಇನ್ನೂ ಜಾಸ್ತಿ. ವೈರ್ ಬಿಟ್ಟು ಈಥರ್‌ನೆಟ್‌ಗೆ ಹೋದರೆ ಸರಿಹೋಗುತ್ತದಾ?

ಹಳೇ ಪ್ಯಾನೆಲ್

ಈಥರ್‌ನೆಟ್ ವಿಷಯ ಆಮೇಲೆ ಇರಲಿ. ಮೊದಲು ಇಷ್ಟು ಹೇಳಿ. ಟೈಮರ್ ಶುರುವಾಗುವುದು ಸೆನ್ಸರ್ ಬಂದಾಗಲೋ, ಫೇಲ್ ಸಿಗ್ನಲ್ ಬಂದಾಗಲೋ? ಫೇಲ್ ಪಲ್ಸ್ ಎಷ್ಟು ಹೊತ್ತು ಇರುತ್ತದೆ? ಪಿಎಲ್‌ಸಿ ಸ್ಕ್ಯಾನ್ (ಪ್ರೋಗ್ರಾಂ ಒಂದು ಸುತ್ತು ಓಡುವ ಹೊತ್ತು) ಎಷ್ಟು? ಬೆಲ್ಟ್ ವೇಗ, ಪೀಸ್‌ಗಳ ನಡುವಿನ ಅಂತರ, ಕ್ಯಾಮೆರಾದಿಂದ ಸಿಲಿಂಡರ್‌ಗೆ ಇರುವ ದೂರ, ಇವೂ ಬೇಕು.

ಬೆಲ್ಟ್‌ಪಕ್ಕ

ಸರ್, ಟೈಮರ್ ಶುರುವಾಗುವುದು ಫೇಲ್ ಬಂದಾಗ. ಪಲ್ಸ್ 10 ಮಿಲಿಸೆಕೆಂಡ್ ಅಂತ ಸೆಟ್ಟಿಂಗ್‌ನಲ್ಲಿದೆ. ಸ್ಕ್ಯಾನ್ 12ರಿಂದ 15 ಮಿಲಿಸೆಕೆಂಡ್. ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ. ಪೀಸ್‌ನಿಂದ ಪೀಸ್‌ಗೆ 150 ಮಿ.ಮೀ., ಕ್ಯಾಮೆರಾದಿಂದ ಸಿಲಿಂಡರ್‌ಗೆ 600 ಮಿ.ಮೀ. ಕ್ಯಾಮೆರಾ ತೋರಿಸುವ ಇನ್‌ಸ್ಪೆಕ್ಷನ್ ಸಮಯ 60 ಮಿಲಿಸೆಕೆಂಡ್‌ನಿಂದ 200ರವರೆಗೂ ಹೋಗುತ್ತದೆ. ಮುಚ್ಚಳ ಓರೆಯಾಗಿದ್ದರೆ ಹುಡುಕಲು ಜಾಸ್ತಿ ಹೊತ್ತು ಬೇಕಾಗುತ್ತದೆ.

ಲ್ಯಾಡರ್ ಬರೆಯುವವಳು

ನೀವು ಕೊಟ್ಟ ಲೆಕ್ಕದಲ್ಲೇ ಎಲ್ಲಾ ಉತ್ತರ ಇದೆ. ಒಂದೊಂದೇ ನೋಡೋಣ.

ನಿಮ್ಮ ಫೇಲ್ ಪಲ್ಸ್ 10 ಮಿಲಿಸೆಕೆಂಡ್, ಸ್ಕ್ಯಾನ್ 15. ಪಿಎಲ್‌ಸಿ ಇನ್‌ಪುಟ್ ಓದುವುದು ಸ್ಕ್ಯಾನಿಗೆ ಒಂದು ಸಲ. ಎರಡು ಓದಿನ ಮಧ್ಯೆ ಪಲ್ಸ್ ಬಂದು ಹೋಗಿಬಿಟ್ಟರೆ ಪಿಎಲ್‌ಸಿ ಪಾಲಿಗೆ ಅದು ಬಂದೇ ಇಲ್ಲ. ಚಿಕ್ಕ ಪಲ್ಸ್‌ಗಳನ್ನು ತಡೆಯುವ ಇನ್‌ಪುಟ್ ಫಿಲ್ಟರ್ ಇದ್ದರೆ ಇನ್ನೂ ಕಷ್ಟ. ಪಲ್ಸ್ ಕನಿಷ್ಠ ಎರಡು ಸ್ಕ್ಯಾನ್ ಜೊತೆಗೆ ಫಿಲ್ಟರ್ ಸಮಯದಷ್ಟು ಇರಬೇಕು. 50 ಮಿಲಿಸೆಕೆಂಡ್ ಇಡಿ. ಪೀಸ್‌ಗೆ 300 ಮಿಲಿಸೆಕೆಂಡ್ ಸಿಗುತ್ತದೆ, ಹಾಗಾಗಿ ಜಾಗ ಧಾರಾಳ.

ಎರಡನೆಯದು ಟೈಮರ್. ಫಲಿತಾಂಶ 60ಕ್ಕೆ ಬಂದ ಪೀಸ್‌ಗೂ 200ಕ್ಕೆ ಬಂದ ಪೀಸ್‌ಗೂ 140 ಮಿಲಿಸೆಕೆಂಡ್ ವ್ಯತ್ಯಾಸ. ನಿಮ್ಮ ವೇಗಕ್ಕೆ ಅದು 70 ಮಿ.ಮೀ. ಅಂದರೆ ಪೀಸ್ ಅಂತರದ ಹತ್ತಿರ ಹತ್ತಿರ ಅರ್ಧ. ಕೆಟ್ಟ ಮುಚ್ಚಳಕ್ಕೇ ಹೊತ್ತು ಜಾಸ್ತಿ ಬೇಕು ಅಂತ ನೀವೇ ಹೇಳಿದಿರಿ. ಅಂದರೆ ತಳ್ಳಬೇಕಾದ ಪೀಸ್‌ಗೇ ಸಿಲಿಂಡರ್ ತಡವಾಗಿ ಹೊಡೆಯುತ್ತದೆ. ಪಕ್ಕದ್ದು ಬೀಳದೆ ಇನ್ನೇನು?

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಕ್ಯಾಮೆರಾ ಮತ್ತು ಸಿಲಿಂಡರ್ ನಡುವೆ ಒಂದೇ ಹೊತ್ತಿಗೆ 4 ಪೀಸ್ ಇರುತ್ತವೆ. ಟೈಮರ್ ಮಾತ್ರ ಒಂದೇ. ಮೊದಲ ಕೆಟ್ಟ ಪೀಸ್‌ಗೆ ಟೈಮರ್ ಓಡುತ್ತಿರುವಾಗ ಎರಡನೇ ಕೆಟ್ಟದ್ದು ಬಂದರೆ ಅದನ್ನು ನೆನಪಿಡುವವರು ಯಾರೂ ಇಲ್ಲ. ಬೆಲ್ಟ್ ನಿಂತರೂ ಟೈಮರ್ ನಿಲ್ಲುವುದಿಲ್ಲ. ಪೀಸ್ ನಿಂತಲ್ಲೇ ಇದೆ, ಟೈಮರ್ ಮುಗಿದು ಸಿಲಿಂಡರ್ ಹೊಡೆದಾಗಿದೆ.

ಟೈಮರ್ ಲೆಕ್ಕ ಹಾಕುವುದು ಹೊತ್ತನ್ನು. ನಿಮಗೆ ಬೇಕಿರುವುದು ದೂರ. ಬರೀ ಈಥರ್‌ನೆಟ್ ಹಾಕಿದರೆ ಇದೇ ತಪ್ಪು ಕೇಬಲ್ ಮೇಲೆ ನಡೆಯುತ್ತದೆ, ಅಷ್ಟೇ.

ಲೆನ್ಸ್ ಮತ್ತು ಬೆಳಕು

ಟ್ರಿಗರ್ ಬಗ್ಗೆ ನಾನು ಹೇಳುತ್ತೇನೆ. ಸೆನ್ಸರ್ ಪಿಎಲ್‌ಸಿ ಒಳಗೆ ಹೋಗಿ, ಸ್ಕ್ಯಾನ್ ಕಾದು, ಔಟ್‌ಪುಟ್‌ನಿಂದ ಹೊರಗೆ ಬಂದು ಕ್ಯಾಮೆರಾ ಮುಟ್ಟುತ್ತಿದೆ. ಈ ದಾರಿಯಲ್ಲಿ ಒಂದು ಪೀಸ್‌ಗೂ ಇನ್ನೊಂದಕ್ಕೂ ಒಂದು ಸ್ಕ್ಯಾನ್‌ನಷ್ಟು ಹಿಂದೆ ಮುಂದೆ ಆಗುತ್ತದೆ. 15 ಮಿಲಿಸೆಕೆಂಡ್ ಅಂದರೆ 7.5 ಮಿ.ಮೀ. ಚಿತ್ರದಲ್ಲಿ ಮುಚ್ಚಳ ಆ ಕಡೆ ಈ ಕಡೆ ಓಡಾಡುತ್ತಾ ಇರುವುದನ್ನು ನೀವು ನೋಡಿರಲೇಬೇಕು. ಅದಕ್ಕೇ ಹುಡುಕುವ ಜಾಗ ದೊಡ್ಡದು ಇಟ್ಟಿರುತ್ತಾರೆ. ಜಾಗ ದೊಡ್ಡದಾದಷ್ಟೂ ಹುಡುಕಲು ಹೊತ್ತು ಬೇಕು.

ಸೆನ್ಸರ್ ವೈರನ್ನು ನೇರವಾಗಿ ಕ್ಯಾಮೆರಾ ಟ್ರಿಗರ್ ಇನ್‌ಪುಟ್‌ಗೆ ಕೊಡಿ. ಅದೇ ವೈರ್ ಪಿಎಲ್‌ಸಿಗೂ ಹೋಗಲಿ. ಸೆನ್ಸರ್ ಪಿಎನ್‌ಪಿ (ಸಿಗ್ನಲ್ ಆಗಿ 24 ವೋಲ್ಟ್ ಕೊಡುವ ಬಗೆ; ಎನ್‌ಪಿಎನ್ 0 ವೋಲ್ಟ್‌ಗೆ ಎಳೆಯುತ್ತದೆ) ಆಗಿದ್ದರೆ ಎರಡೂ ಇನ್‌ಪುಟ್ ಪಿಎನ್‌ಪಿ ಒಪ್ಪುವಂತಿರಬೇಕು, 0 ವೋಲ್ಟ್ ಎರಡಕ್ಕೂ ಒಂದೇ ಇರಬೇಕು. ಒಂದು ಕಡೆ ಪಿಎನ್‌ಪಿ, ಇನ್ನೊಂದು ಕಡೆ ಎನ್‌ಪಿಎನ್ ವೈರಿಂಗ್ ಮಾಡಿದರೆ ಕೆಲಸ ಮಾಡುವುದಿಲ್ಲ.

ಜೊತೆಗೆ ಎಕ್ಸ್‌ಪೋಶರ್ ಎಷ್ಟಿದೆ ನೋಡಿ. 2 ಮಿಲಿಸೆಕೆಂಡ್ ಇದ್ದರೆ ಅಷ್ಟರಲ್ಲಿ ಪೀಸ್ 1 ಮಿ.ಮೀ. ಜರುಗಿರುತ್ತದೆ, ಅಂಚು ಮಸುಕಾಗುತ್ತದೆ. 100 ಮೈಕ್ರೋಸೆಕೆಂಡ್‌ಗೆ ಇಳಿಸಿದರೆ 0.05 ಮಿ.ಮೀ. ಮಾತ್ರ. ಅಷ್ಟು ಕಡಿಮೆ ಹೊತ್ತಿಗೆ ಬೆಳಕು ಸಾಲದು, ಆದ್ದರಿಂದ ಸ್ಟ್ರೋಬ್ ಲೈಟ್ ಬೇಕು. ಸ್ಟ್ರೋಬನ್ನು ಕ್ಯಾಮೆರಾ ಔಟ್‌ಪುಟ್‌ನಿಂದಲೇ ಹೊಡೆಸಿ. ದಯವಿಟ್ಟು ಪಿಎಲ್‌ಸಿಯಿಂದ ಬೇಡ.

ಆರ್‌ಜೆ45

ಟ್ರಿಗರ್ ವೈರ್‌ನಲ್ಲೇ ಇರಲಿ, ಒಪ್ಪುತ್ತೇನೆ. ಫಲಿತಾಂಶ ಮಾತ್ರ ನೆಟ್‌ವರ್ಕ್ ಮೇಲೆ ಬರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎರಡು ವೈರ್‌ನಲ್ಲಿ ಪಾಸ್, ಫೇಲ್ ಬಿಟ್ಟು ಬೇರೇನೂ ಹೇಳಲು ಆಗುವುದಿಲ್ಲ. ನೆಟ್‌ವರ್ಕ್‌ನಲ್ಲಿ ಪೀಸ್ ಸಂಖ್ಯೆ, ಅಳತೆ, ತಪ್ಪಿನ ಕಾರಣ ಎಲ್ಲಾ ಒಟ್ಟಿಗೆ ಬರುತ್ತವೆ.

ನೆಟ್‌ವರ್ಕ್ ಬಗೆಗೆ ತಕ್ಕಂತೆ, ಕ್ಯಾಮೆರಾ ಎಂಥದ್ದು ಅಂತ ಪಿಎಲ್‌ಸಿಗೆ ಹೇಳುವ ಫೈಲ್ ಬೇಕು. ಈಥರ್‌ನೆಟ್/ಐಪಿ ಆದರೆ ಇಡಿಎಸ್, ಪ್ರೊಫಿನೆಟ್ ಆದರೆ ಜಿಎಸ್‌ಡಿಎಂಎಲ್, ಈಥರ್‌ಕ್ಯಾಟ್ ಆದರೆ ಇಎಸ್‌ಐ. ಫೈಲ್ ಆವೃತ್ತಿಯೂ ಕ್ಯಾಮೆರಾ ಫರ್ಮ್‌ವೇರ್ ಕೂಡ ಹೊಂದಬೇಕು. ಕನೆಕ್ಷನ್ ಬರುತ್ತಿಲ್ಲ ಅಂತ ಅಲ್ಲಿ ಇಲ್ಲಿ ತಡಕಾಡುವ ಮೊದಲು ಇದನ್ನು ನೋಡಿ. ಪ್ರೊಫಿನೆಟ್‌ನಲ್ಲಿ ಪಿಎಲ್‌ಸಿ ಸಾಮಾನ್ಯವಾಗಿ ಕ್ಯಾಮೆರಾವನ್ನು ಗುರುತಿಸುವುದು ಡಿವೈಸ್ ಹೆಸರಿನಿಂದ. ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಬಾಗಿಲು ತೆರೆಯುವುದಿಲ್ಲ.

ಇನ್ನು ಮಾತುಕತೆಯ ಕ್ರಮ. ಕ್ಯಾಮೆರಾ ಮೊದಲು ‘ರೆಡಿ’ ಬಿಟ್ ಎತ್ತಿರಬೇಕು. ರೆಡಿ ಇಲ್ಲದಾಗ ಟ್ರಿಗರ್ ಕೊಟ್ಟರೆ ಆ ಪೀಸ್‌ನ ಚಿತ್ರವೇ ಇರುವುದಿಲ್ಲ. ಚಿತ್ರ ತೆಗೆದ ಮೇಲೆ ‘ಬ್ಯುಸಿ’, ಅಂದರೆ ಕೆಲಸದಲ್ಲಿದೆ. ಕೆಲಸ ಮುಗಿದ ಮೇಲೆ ಮೊದಲು ಡೇಟಾ ತುಂಬಿ, ಆಮೇಲೆ ‘ರಿಸಲ್ಟ್ ವ್ಯಾಲಿಡ್’ ಎತ್ತುತ್ತದೆ. ಪಿಎಲ್‌ಸಿ ಡೇಟಾ ನಕಲು ಮಾಡಿಕೊಂಡು ‘ಆಕ್’ (ಸಿಕ್ಕಿತು ಅನ್ನುವ ಬಿಟ್) ಎತ್ತಬೇಕು. ಅದನ್ನು ನೋಡಿ ಕ್ಯಾಮೆರಾ ವ್ಯಾಲಿಡ್ ಇಳಿಸುತ್ತದೆ. ಅದು ಇಳಿದ ಮೇಲೆ ಪಿಎಲ್‌ಸಿ ಆಕ್ ಇಳಿಸುತ್ತದೆ. ಈ ಕೊನೆಯ ಎರಡು ಹೆಜ್ಜೆ ಬಿಟ್ಟುಬಿಡುವವರೇ ಜಾಸ್ತಿ. ಬಿಟ್ಟರೆ ಹಳೇ ಪೀಸ್‌ನ ಫಲಿತಾಂಶವನ್ನೇ ಹೊಸ ಪೀಸ್‌ದು ಅಂತ ಓದಿಬಿಡುತ್ತೀರಿ.

ಒಂದು ಎಚ್ಚರಿಕೆ. ಈ ಡೇಟಾ ನಿಗದಿತ ಅಂತರದಲ್ಲಿ ಬರುತ್ತದೆ. ಆ ಅಂತರವನ್ನು, ಅಂದರೆ ಆರ್‌ಪಿಐಯನ್ನು, 10 ಮಿಲಿಸೆಕೆಂಡ್ ಇಟ್ಟಿದ್ದರೆ ಪ್ರತಿ ಬದಲಾವಣೆ ಕಾಣಲು ಅಷ್ಟು ಹೊತ್ತು, ಜೊತೆಗೆ ಒಂದು ಸ್ಕ್ಯಾನ್ ಬೇಕು. ನಾಲ್ಕು ಹೆಜ್ಜೆಗೆ ಸುಮಾರು 100 ಮಿಲಿಸೆಕೆಂಡ್ ಹಿಡಿದುಕೊಳ್ಳಿ. ಇನ್‌ಸ್ಪೆಕ್ಷನ್‌ಗೆ 200, ಮಾತುಕತೆಗೆ 100. ನಿಮ್ಮ 300 ಅಲ್ಲಿಗೇ ತುಂಬಿತು, ಉಸಿರಾಡಲು ಜಾಗ ಇಲ್ಲ. ಒಂದೋ ಇನ್‌ಸ್ಪೆಕ್ಷನ್ ಹೊತ್ತು ಇಳಿಸಿ, ಇಲ್ಲವೇ ಕ್ಯಾಮೆರಾದಲ್ಲಿ ಫಲಿತಾಂಶದ ಬಫರ್ ಆನ್ ಮಾಡಿ.

ಹಳೇ ಪ್ಯಾನೆಲ್

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಬರೀ ಪಾಸ್, ಫೇಲ್ ಸಾಕು ಅನ್ನುವ ಕಡೆ ವೈರ್ ತುಂಬಾ ಒಳ್ಳೆಯದು. ರಾತ್ರಿ ಪಾಳಿಯಲ್ಲಿ ಮೀಟರ್ ಹಿಡಿದು ನೋಡಿದರೆ 24 ವೋಲ್ಟ್ ಇದೆಯಾ ಇಲ್ಲವಾ ಅಂತ ಯಾರಿಗಾದರೂ ಗೊತ್ತಾಗುತ್ತದೆ. ನೆಟ್‌ವರ್ಕ್‌ನಲ್ಲಿ ಬಿಟ್ ಎಲ್ಲಿ ಸತ್ತಿತು ಅಂತ ನೋಡಲು ಲ್ಯಾಪ್‌ಟಾಪ್ ಬೇಕು, ಸಾಫ್ಟ್‌ವೇರ್ ಲೈಸೆನ್ಸ್ ಬೇಕು, ಅದನ್ನು ಬಲ್ಲ ಮನುಷ್ಯ ಬೇಕು. ಇಲ್ಲಿ ಲೈನ್ ಕಾಯುವವರು ಯಾರು ಅನ್ನುವುದೂ ಲೆಕ್ಕಕ್ಕೆ ಬರಬೇಕಲ್ವಾ?

ಒಂದು ಮಾತು ಮಾತ್ರ ಒಪ್ಪುತ್ತೇನೆ. ಫೇಲ್ ವೈರ್ ಕಿತ್ತುಹೋದರೆ ಕೆಟ್ಟ ಪೀಸ್ ಎಲ್ಲಾ ಪಾಸ್ ಆಗುತ್ತವೆ. ಅದಕ್ಕೆ ಪಾಸ್ ವೈರನ್ನು ನಂಬಿ, ಫೇಲ್ ವೈರನ್ನಲ್ಲ. ಪಾಸ್ ಬರಲಿಲ್ಲ ಅಂದರೆ ಹೊರಗೆ ತಳ್ಳು. ಹೀಗೆ ಬರೆದರೆ ವೈರ್ ಹೋದರೂ, ಕ್ಯಾಮೆರಾ ಹ್ಯಾಂಗ್ ಆದರೂ, ಲೈಟ್ ಸುಟ್ಟರೂ ಕೆಟ್ಟ ಪೀಸ್ ಗಿರಾಕಿಯ ಕೈಗೆ ಹೋಗುವುದಿಲ್ಲ.

ಲ್ಯಾಡರ್ ಬರೆಯುವವಳು

ಸರ್ ಹೇಳಿದ್ದು ಸರಿ. ವೈರ್ ಇರಲಿ, ನೆಟ್‌ವರ್ಕ್ ಇರಲಿ, ಪ್ರೋಗ್ರಾಂ ಉತ್ತರಿಸಬೇಕಾದ ಪ್ರಶ್ನೆ ಒಂದೇ: ಈ ಫಲಿತಾಂಶ ಯಾವ ಪೀಸ್‌ದು? ಅದಕ್ಕೆ ಉತ್ತರ ಇಲ್ಲದಿದ್ದರೆ ಪಾಸ್ ಬಿಟ್‌ಗೆ ಅರ್ಥವೇ ಇಲ್ಲ.

ನಾನು ಹೀಗೆ ಬರೆಯುತ್ತೇನೆ. ಬೆಲ್ಟ್ ರೋಲರ್‌ಗೆ ಎನ್‌ಕೋಡರ್ (ತಿರುಗಿದಷ್ಟೂ ಪಲ್ಸ್ ಕೊಡುವ ಸಾಧನ) ಹಾಕಿ. ರೋಲರ್ ಸುತ್ತಳತೆ 200 ಮಿ.ಮೀ., ಎನ್‌ಕೋಡರ್ ಸುತ್ತಿಗೆ 1000 ಪಲ್ಸ್ ಅಂತಿಟ್ಟುಕೊಳ್ಳಿ. ಒಂದು ಪಲ್ಸ್‌ಗೆ 0.2 ಮಿ.ಮೀ. ಬೆಲ್ಟ್ ಓಡುತ್ತದೆ, 600 ಮಿ.ಮೀ.ಗೆ 3000 ಪಲ್ಸ್. ನಿಮ್ಮ ವೇಗಕ್ಕೆ ಸೆಕೆಂಡಿಗೆ 2500 ಪಲ್ಸ್ ಬರುತ್ತವೆ. ಸಾಮಾನ್ಯ ಇನ್‌ಪುಟ್‌ಗೆ ಇದು ಸಿಗುವುದೇ ಇಲ್ಲ, ಹೈಸ್ಪೀಡ್ ಕೌಂಟರ್ ಇನ್‌ಪುಟ್ ಬೇಕು. ಕೌಂಟರ್ 16 ಬಿಟ್ ಆದರೆ 26 ಸೆಕೆಂಡಿಗೆ ಒಮ್ಮೆ ತುಂಬಿ ಸೊನ್ನೆಗೆ ಬರುತ್ತದೆ. ಹಾಗಾಗಿ 32 ಬಿಟ್ ಕೌಂಟರ್ ತೆಗೆದುಕೊಳ್ಳಿ. ‘ಈಗಿನದು ಆಗಿನದಕ್ಕಿಂತ ದೊಡ್ಡದಾ’ ಅಂತ ಕೇಳಬೇಡಿ. ಈಗಿನದರಿಂದ ಆಗಿನದನ್ನು ಕಳೆದು, ವ್ಯತ್ಯಾಸವನ್ನು ಹೋಲಿಸಿ.

ಸೆನ್ಸರ್ ಬಂದ ಕೂಡಲೇ ಪಿಎಲ್‌ಸಿಯಲ್ಲಿ ಒಂದು ಸಾಲು ತೆರೆಯಿರಿ. ಅದರಲ್ಲಿ ಪೀಸ್ ಸಂಖ್ಯೆ, ಆಗಿನ ಎನ್‌ಕೋಡರ್ ಲೆಕ್ಕ, ಫಲಿತಾಂಶ ಮೂರೂ ಇರಲಿ. ಫಲಿತಾಂಶಕ್ಕೆ ಮೂರು ಬೆಲೆ: 0 ಅಂದರೆ ಇನ್ನೂ ಗೊತ್ತಿಲ್ಲ, 1 ಪಾಸ್, 2 ಫೇಲ್. ಹೊಸ ಸಾಲು ಯಾವಾಗಲೂ 0 ಆಗಿಯೇ ಹುಟ್ಟಬೇಕು. ಕ್ಯಾಮೆರಾ ಕೂಡ ತನ್ನ ಟ್ರಿಗರ್ ಎಣಿಸುತ್ತಿರುತ್ತದೆ, ಆ ಸಂಖ್ಯೆಯನ್ನು ಫಲಿತಾಂಶದ ಜೊತೆ ಕಳಿಸುವಂತೆ ಮಾಡಿ. ಅದು ಬಂದಾಗ ಅದೇ ಸಂಖ್ಯೆಯ ಸಾಲನ್ನು ಹುಡುಕಿ ಬರೆಯಿರಿ. ಪೀಸ್ 3000 ಪಲ್ಸ್ ದಾಟಿದಾಗ ಆ ಸಾಲು ನೋಡಿ, 1 ಇದ್ದರೆ ಬಿಡಿ. 0 ಇರಲಿ, 2 ಇರಲಿ, ತಳ್ಳಿ.

ಫಲಿತಾಂಶ 60ಕ್ಕೆ ಬಂತೋ 200ಕ್ಕೆ ಬಂತೋ ಇನ್ನು ಯಾರಿಗೂ ಬೇಕಾಗಿಲ್ಲ. ಪೀಸ್ ಸಿಲಿಂಡರ್ ಮುಟ್ಟುವ ಮೊದಲು ಬಂದರೆ ಸಾಕು. ಬೆಲ್ಟ್ ನಿಂತರೆ ಎನ್‌ಕೋಡರ್ ಕೂಡ ನಿಲ್ಲುತ್ತದೆ. ಎರಡು ಕೆಟ್ಟವು ಸಾಲಾಗಿ ಬಂದರೆ ಎರಡು ಸಾಲು.

ಎರಡು ಕಡೆಯ ಎಣಿಕೆ ಹೊಂದದಿದ್ದರೆ ಎಲ್ಲೋ ಒಂದು ಟ್ರಿಗರ್ ತಪ್ಪಿದೆ ಅಂತ ಅರ್ಥ. ಆಗ ಸುಮ್ನೆ ಮುಂದೆ ಓಡಿಸಬೇಡಿ. ಲೈನ್ ನಿಲ್ಲಿಸಿ, ನಡುವೆ ಇರುವ ಪೀಸ್‌ಗಳನ್ನೆಲ್ಲಾ ಹೊರಗೆ ಹಾಕಿ, ಎರಡೂ ಎಣಿಕೆ ಸೊನ್ನೆ ಮಾಡಿ ಶುರು ಮಾಡಿ.

ಬೆಲ್ಟ್‌ಪಕ್ಕ

ಮೇಡಂ, ತುಂಬಾ ಥ್ಯಾಂಕ್ಸ್. ಟ್ರೆಂಡ್ (ಸಿಗ್ನಲ್‌ಗಳ ಗ್ರಾಫ್) ಹಾಕಿ ನೋಡಿದೆ. ಮೊದಲ ಟೈಮರ್ ಓಡುತ್ತಿರುವಾಗ ಎರಡನೇ ಫೇಲ್ ಬಂದು ಕಳೆದುಹೋಗುವುದು ಕಣ್ಣಿಗೇ ಕಂಡಿತು. ಎನ್‌ಕೋಡರ್ ಹಾಕಲು ಒಪ್ಪಿಗೆ ಸಿಕ್ಕಿದೆ. ಹೈಸ್ಪೀಡ್ ಇನ್‌ಪುಟ್ ಖಾಲಿ ಇದೆ.

ಅಷ್ಟರಲ್ಲಿ ಬೆಂಚ್ ಮೇಲೆ ಕ್ಯಾಮೆರಾವನ್ನು ಮಾಡ್‌ಬಸ್ ಟಿಸಿಪಿ (ಈಥರ್‌ನೆಟ್ ಮೇಲೆ ಓಡುವ ಇನ್ನೊಂದು ಪ್ರೋಟೋಕಾಲ್) ಮೂಲಕ ಓದಿಸಿ ನೋಡುತ್ತಿದ್ದೇನೆ. ಪೀಸ್ ಸಂಖ್ಯೆ 1 ಬರಬೇಕಾದ ಕಡೆ 256 ಬರುತ್ತದೆ. ಎತ್ತರದ ಅಳತೆ ಹತ್ತಿರ ಹತ್ತಿರ ಸೊನ್ನೆ ತೋರಿಸುತ್ತದೆ. ಕ್ಯಾಮೆರಾ ಸ್ಕ್ರೀನ್‌ನಲ್ಲಿ ಎರಡೂ ಸರಿ ಇವೆ.

ಆರ್‌ಜೆ45

256 ಬಂದರೆ ಖುಷಿಪಡಿ, ಕನೆಕ್ಷನ್ ಚೆನ್ನಾಗಿದೆ. ಬೈಟ್ ಕ್ರಮ ಮಾತ್ರ ತಿರುಗಿದೆ. 16 ಬಿಟ್ ಸಂಖ್ಯೆಯಲ್ಲಿ ಎರಡು ಬೈಟ್ ಇರುತ್ತವೆ. 1 ಅಂದರೆ ಮೇಲಿನದು 0, ಕೆಳಗಿನದು 1. ಅದಲುಬದಲಾದರೆ 256. ಸೀಮೆನ್ಸ್ ಎಸ್7 ಪಿಎಲ್‌ಸಿಗಳು ಸಾಮಾನ್ಯವಾಗಿ ದೊಡ್ಡ ಬೈಟ್ ಮೊದಲು ಇಡುತ್ತವೆ. ಅಲೆನ್ ಬ್ರಾಡ್ಲಿ ಲಾಜಿಕ್ಸ್ ಚಿಕ್ಕದ್ದನ್ನು ಮೊದಲು ಇಡುತ್ತದೆ. ಯಾವುದೂ ತಪ್ಪಲ್ಲ. ಎರಡೂ ಕಡೆ ಒಂದೇ ಇರಬೇಕು, ಅಷ್ಟೇ.

ದಶಾಂಶ ಸಂಖ್ಯೆಗೆ ಎರಡು ರಿಜಿಸ್ಟರ್ (16 ಬಿಟ್‌ನ ಗೂಡು) ಬೇಕು. 1.0 ಅನ್ನುವುದು 16256 ಮತ್ತು 0 ಅಂತ ಕೂರುತ್ತದೆ. ರಿಜಿಸ್ಟರ್‌ಗಳು ಹಿಂದೆ ಮುಂದೆ ಆದರೆ ಸೊನ್ನೆಗೆ ಅಂಟಿಕೊಂಡ ಒಂದು ಪುಟ್ಟ ಸಂಖ್ಯೆ ಕಾಣುತ್ತದೆ. ನಿಮಗೆ ಕಂಡಿರುವುದು ಬಹುಶಃ ಅದೇ. ಮಾಡ್‌ಬಸ್ 16 ಬಿಟ್ ರಿಜಿಸ್ಟರ್ ಒಳಗಿನ ಕ್ರಮ ಹೇಳುತ್ತದೆ. 32 ಬಿಟ್‌ಗೆ ಎರಡು ರಿಜಿಸ್ಟರ್‌ಗಳಲ್ಲಿ ಯಾವುದು ಮೊದಲು ಅಂತ ಹೇಳುವುದಿಲ್ಲ, ಅದನ್ನು ತಯಾರಕರು ತಮ್ಮ ತಮ್ಮ ಇಷ್ಟದಂತೆ ಮಾಡಿಕೊಂಡಿದ್ದಾರೆ. ಪರೀಕ್ಷೆಗೆ ಕ್ಯಾಮೆರಾದಿಂದ 1 ಮತ್ತು 1.0 ಎರಡನ್ನೇ ಕಳಿಸಿ, ಕ್ರಮ ಸರಿಮಾಡಿ, ಆಮೇಲೆ ನಿಜವಾದ ಡೇಟಾ ಹಾಕಿ.

ಇನ್ನೊಂದು ದಾರಿ: ಅಳತೆಯನ್ನು 1000ದಿಂದ ಗುಣಿಸಿ ಪೂರ್ಣಾಂಕವಾಗಿ ಕಳಿಸಿ. 12.345 ಮಿ.ಮೀ. ಬದಲು 12345. ನನಗೆ ಇದೇ ಇಷ್ಟ. 16 ಬಿಟ್‌ನಲ್ಲಿ ಪ್ಲಸ್ ಮೈನಸ್ ಚಿಹ್ನೆ ಇರುವ ಸಂಖ್ಯೆ 32767ಕ್ಕೆ ಮುಗಿಯುತ್ತದೆ ಅನ್ನುವುದು ನೆನಪಿರಲಿ.

ಅಂದಹಾಗೆ, ಚಿತ್ರಗಳನ್ನು ಕಂಪ್ಯೂಟರ್‌ಗೆ ಉಳಿಸುವ ಆಸೆ ಇದ್ದರೆ ಆ ಟ್ರಾಫಿಕ್ ಪಿಎಲ್‌ಸಿ ನೆಟ್‌ವರ್ಕ್ ಮೇಲೆ ಬೇಡ. 5 ಮೆಗಾಪಿಕ್ಸೆಲ್ ಕಪ್ಪು ಬಿಳುಪು ಚಿತ್ರ ಸೆಕೆಂಡಿಗೆ 20 ಬಂದರೆ 100 ಮೆಗಾಬೈಟ್. ಗಿಗಾಬಿಟ್ ಕೇಬಲ್ ಒಂದು ಹೊರುವುದೇ ಹೆಚ್ಚೆಂದರೆ 125. ಫಲಿತಾಂಶಕ್ಕೆ ಬೇಕಿರುವುದು ಕೆಲವೇ ಹತ್ತು ಬೈಟ್. ಕಿರಿದಾದ ಓಣಿಯಲ್ಲಿ ಲಾರಿ ನುಗ್ಗಿಸಿದರೆ ಸೈಕಲ್‌ಗೂ ದಾರಿ ಸಿಗುವುದಿಲ್ಲ.

ಲೆನ್ಸ್ ಮತ್ತು ಬೆಳಕು

ಕ್ಯಾಮೆರಾ ಕಡೆಯಿಂದ ಎರಡು ವಿಷಯ ಸೇರಿಸುತ್ತೇನೆ. ಯಾರೋ ಲ್ಯಾಪ್‌ಟಾಪ್ ಹಾಕಿ ಸೆಟ್ಟಿಂಗ್ ಬದಲಿಸಲು ಕ್ಯಾಮೆರಾವನ್ನು ಆಫ್‌ಲೈನ್ ಮಾಡುತ್ತಾರೆ. ಕೆಲಸ ಮುಗಿಸಿ ಆನ್‌ಲೈನ್ ಮಾಡಲು ಮರೆಯುತ್ತಾರೆ. ಪಿಎಲ್‌ಸಿ ಆನ್‌ಲೈನ್ ಬಿಟ್ ನೋಡಬೇಕು, ಅದಿಲ್ಲದೆ ಬೆಲ್ಟ್ ಶುರುವಾಗಲೇಬಾರದು. ಹಾಗೆಯೇ ಹಾರ್ಟ್‌ಬೀಟ್. ಕ್ಯಾಮೆರಾ ಒಂದು ಸಂಖ್ಯೆಯನ್ನು ಏರಿಸುತ್ತಾ ಇರಲಿ. ಕನೆಕ್ಷನ್ ಜೀವಂತ ಇದ್ದು ಒಳಗಿನ ಪ್ರೋಗ್ರಾಂ ಸತ್ತಿರುವುದೂ ಉಂಟು.

ಇನ್ನೊಂದು ಜಾಬ್ (ಕ್ಯಾಮೆರಾದಲ್ಲಿ ಉಳಿಸಿಟ್ಟ ಇನ್‌ಸ್ಪೆಕ್ಷನ್ ಸೆಟ್ಟಿಂಗ್) ಬದಲಾವಣೆ. ಬೇರೆ ಸೈಜ್ ಮುಚ್ಚಳ ಬಂದಾಗ ಪಿಎಲ್‌ಸಿಯಿಂದ ‘ಜಾಬ್ 3 ಹಾಕು’ ಅಂತ ಹೇಳಿದರೆ ಮುಗಿಯಲಿಲ್ಲ. ಲೋಡ್ ಆಗಲು ಕೆಲವು ಸೆಕೆಂಡ್ ಬೇಕಾಗಬಹುದು. ಆಮೇಲೆ ‘ಈಗ ನಿನ್ನಲ್ಲಿ ಯಾವ ಜಾಬ್ ಇದೆ’ ಅಂತ ವಾಪಸ್ ಓದಿ, 3 ಅಂತ ಬಂದರೆ ಮಾತ್ರ ಮುಂದೆ ಹೋಗಿ. ಹಳೇ ಜಾಬ್‌ನಲ್ಲಿ ಹೊಸ ಮುಚ್ಚಳ ಪಾಸ್ ಆಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಎಲ್ಲಾ ಹಸಿರಾಗಿಯೇ ಕಾಣುತ್ತಿರುತ್ತದೆ.

ಬೆಲ್ಟ್‌ಪಕ್ಕ

ಎನ್‌ಕೋಡರ್, ಸಾಲು ಎರಡೂ ಓಡುತ್ತಿವೆ. ಟ್ರಿಗರ್ ವೈರ್‌ನಲ್ಲಿ, ಫಲಿತಾಂಶ ನೆಟ್‌ವರ್ಕ್‌ನಲ್ಲಿ. ಪೂರ್ತಿ ಸ್ಪೀಡ್‌ನಲ್ಲಿ ಸರಿಯಾದ ಪೀಸೇ ಬೀಳುತ್ತದೆ. ಸೆನ್ಸರ್ ನೇರವಾಗಿ ಕೊಟ್ಟ ಮೇಲೆ ಹುಡುಕುವ ಜಾಗ ಚಿಕ್ಕದು ಮಾಡಿದೆ, ಇನ್‌ಸ್ಪೆಕ್ಷನ್ ಹೊತ್ತೂ ಇಳಿಯಿತು. ಈಗ ಉಲ್ಟಾ ಸಮಸ್ಯೆ. ನಿಧಾನಕ್ಕೆ ಓಡಿಸಿದರೆ ಸಿಲಿಂಡರ್ ಸ್ವಲ್ಪ ಬೇಗ ಹೊಡೆದು ಪೀಸ್‌ನ ಮುಂದಿನ ಅಂಚಿಗೆ ತಾಗುತ್ತದೆ.

ಪಾಳಿ ಬದಲಾಗುವಾಗ ಕೆಲವರು ಬೆಲ್ಟ್ ಮೇಲಿಂದ ಕೈಯಲ್ಲೇ ಪೀಸ್ ಎತ್ತಿಕೊಳ್ಳುತ್ತಾರೆ. ಇದಕ್ಕೂ ಏನಾದರೂ ಮಾಡಬೇಕಾ?

ಲ್ಯಾಡರ್ ಬರೆಯುವವಳು

ಸಿಲಿಂಡರ್ ವಿಷಯ ಸ್ವಾರಸ್ಯವಾಗಿದೆ. ವಾಲ್ವ್ ತೆರೆದು, ಗಾಳಿ ತುಂಬಿ, ರಾಡ್ ಹೊರಬರಲು 40 ಮಿಲಿಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಬೆಲ್ಟ್ ವೇಗ ಎಷ್ಟೇ ಇರಲಿ ಅದು 40 ಮಿಲಿಸೆಕೆಂಡೇ. ಪೂರ್ತಿ ಸ್ಪೀಡ್‌ನಲ್ಲಿ ಅಷ್ಟರಲ್ಲಿ ಪೀಸ್ 20 ಮಿ.ಮೀ. ಓಡುತ್ತದೆ, ಅರ್ಧ ಸ್ಪೀಡ್‌ನಲ್ಲಿ 10. ನೀವು ಪೂರ್ತಿ ಸ್ಪೀಡ್‌ಗೆ ದೂರ ಹೊಂದಿಸಿದ್ದೀರಿ, ಅದಕ್ಕೇ ನಿಧಾನದಲ್ಲಿ ಬೇಗ ಆಗುತ್ತಿದೆ. ಪೀಸ್‌ನ ಪ್ರಯಾಣ ದೂರ, ಗಾಳಿಯದು ಹೊತ್ತು. ಎನ್‌ಕೋಡರ್‌ನಿಂದ ಈಗಿನ ವೇಗ ಲೆಕ್ಕ ಹಾಕಿ. ವೇಗವನ್ನು ವಾಲ್ವ್ ಹೊತ್ತಿನಿಂದ ಗುಣಿಸಿ ಬಂದಷ್ಟು ದೂರವನ್ನು 600ರಿಂದ ಕಳೆಯಿರಿ.

ಕೈಯಲ್ಲಿ ಎತ್ತಿದ ಪೀಸ್‌ಗೆ ಸಿಲಿಂಡರ್ ಹತ್ತಿರ ಎರಡನೇ ಸೆನ್ಸರ್ ಬೇಕು. ಸಾಲಿನ ಪ್ರಕಾರ ಪೀಸ್ ಬರಬೇಕಾದ ಜಾಗದ ಹಿಂದೆ ಮುಂದೆ 20 ಮಿ.ಮೀ. ಒಳಗೆ ಸೆನ್ಸರ್ ಕಂಡರೆ ಅದು ನಮ್ಮ ಪೀಸ್. ಕಾಣದಿದ್ದರೆ ಯಾರೋ ಎತ್ತಿದ್ದಾರೆ, ಆ ಸಾಲು ಅಳಿಸಿ. ಸಾಲೇ ಇಲ್ಲದೆ ಪೀಸ್ ಬಂದರೆ ಅದನ್ನು ಕ್ಯಾಮೆರಾ ನೋಡಿಲ್ಲ. ತಳ್ಳಿ. ತಳ್ಳಿದ್ದು ನಿಜವಾಗಿ ಬಿತ್ತಾ ಅಂತ ನೋಡಲು ಡಬ್ಬದ ಬಾಯಲ್ಲಿ ಇನ್ನೊಂದು ಸೆನ್ಸರ್ ಇದ್ದರೆ ಇನ್ನೂ ಒಳ್ಳೆಯದು, ಗಾಳಿ ಒತ್ತಡ ಇಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಕರೆಂಟ್ ಹೋಗಿ ಬಂದರೆ ಸಾಲನ್ನು ನಂಬಬೇಡಿ. ಆಗ ಕ್ಯಾಮೆರಾದಿಂದ ಸಿಲಿಂಡರ್‌ವರೆಗಿನ ಎಲ್ಲವನ್ನೂ ತಳ್ಳಿ ಹೊಸದಾಗಿ ಶುರು ಮಾಡುವುದೇ ಸರಿ.

ಬೆಲ್ಟ್‌ಪಕ್ಕ

ಸಿಲಿಂಡರ್ ಹತ್ತಿರ ಯಾರಾದರೂ ಕೈ ಹಾಕಿದರೆ ಇದೇ ಕ್ಯಾಮೆರಾದಿಂದ ನೋಡಿ ನಿಲ್ಲಿಸಬಹುದಾ ಅಂತ ಒಬ್ಬರು ಕೇಳಿದರು.

ಹಳೇ ಪ್ಯಾನೆಲ್

ಬೇಡ. ಇದು ಗುಣಮಟ್ಟ ನೋಡುವ ಕ್ಯಾಮೆರಾ. ಮನುಷ್ಯರ ಕೈ ಕಾಯುವುದು ಇದರ ಕೆಲಸವಲ್ಲ. ಅದಕ್ಕೆ ಯಂತ್ರ ಸುರಕ್ಷತೆಯ ಮಾನದಂಡ ಐಎಸ್‌ಒ 13849 ಪ್ರಕಾರ ಲೆಕ್ಕ ಹಾಕಿದ ಸೇಫ್ಟಿ ಸರ್ಕ್ಯೂಟ್ ಬೇಕು. ಕವಚ ಹಾಕಿ ಡೋರ್ ಸ್ವಿಚ್ ಇಡಿ ಅಥವಾ ಲೈಟ್ ಕರ್ಟನ್ ಹಾಕಿ. ಅದು ಸಿಲಿಂಡರ್‌ನ ಗಾಳಿಯನ್ನೇ ಕತ್ತರಿಸಬೇಕು. ಮಾಮೂಲಿ ಪ್ರೋಗ್ರಾಂನ ಒಂದು ಬಿಟ್ ಇದಕ್ಕೆ ಸಾಲುವುದಿಲ್ಲ. ಆ ಕವಚ ಬಂದರೆ ಕೈಯಲ್ಲಿ ಪೀಸ್ ಎತ್ತುವುದೂ ಅಲ್ಲಿಗೇ ನಿಲ್ಲುತ್ತದೆ.

ಲೈನ್ ಒಪ್ಪಿಸುವ ಮೊದಲು ಇಷ್ಟು ಪರೀಕ್ಷೆ ಮಾಡಿ. ಎರಡು ಕೆಟ್ಟ ಪೀಸ್ ಸಾಲಾಗಿ ಬಿಡಿ. ಕೆಟ್ಟ ಪೀಸ್ ನಡುದಾರಿಯಲ್ಲಿರುವಾಗ ಬೆಲ್ಟ್ ನಿಲ್ಲಿಸಿ ಶುರು ಮಾಡಿ. ಓಡುತ್ತಿರುವಾಗಲೇ ಕ್ಯಾಮೆರಾದ ನೆಟ್‌ವರ್ಕ್ ಕೇಬಲ್ ಕೀಳಿ. ಲೆನ್ಸ್ ಮುಂದೆ ರಟ್ಟು ಹಿಡಿಯಿರಿ. ಪ್ರತಿ ಸಲ ಏನಾಯಿತು ಅಂತ ಇಲ್ಲಿ ಬರೆಯಿರಿ.

ಬೆಲ್ಟ್‌ಪಕ್ಕ

ಮಾಡಿದೆ ಸರ್. ಸಾಲಾಗಿ ಬಿಟ್ಟ ಎರಡೂ ಬಿದ್ದವು. ನಿಲ್ಲಿಸಿ ಶುರು ಮಾಡಿದಾಗಲೂ ಸರಿಯಾದ್ದೇ ಬಿತ್ತು. ರಟ್ಟು ಹಿಡಿದಾಗ ಎಲ್ಲಾ ಫೇಲ್ ಬಂದು ಎಲ್ಲಾ ಹೊರಗೆ ಹೋದವು. ಕೇಬಲ್ ಕಿತ್ತಾಗ ಮಾತ್ರ ಮೊದಲ ಪೀಸ್ ಪಾಸ್ ಆಗಿ ಹೋಯಿತು, ಅದರ ಹಿಂದಿನವು ಬಿದ್ದವು.

ಆರ್‌ಜೆ45

ಆ ಮೊದಲ ಪೀಸ್‌ನ ಫಲಿತಾಂಶ ಕೇಬಲ್ ಕೀಳುವ ಮೊದಲೇ ಬಂದು ಸಾಲಿನಲ್ಲಿ ಕೂತಿತ್ತಾ ನೋಡಿ. ಕೂತಿದ್ದರೆ ಅದು ಸರಿಯಾಗಿಯೇ ಪಾಸ್ ಆಗಿದೆ. ಕೂತಿರಲಿಲ್ಲ ಅಂದರೆ, ಕನೆಕ್ಷನ್ ಹೋದಾಗ ಇನ್‌ಪುಟ್ ಟ್ಯಾಗ್‌ಗಳು ಕೊನೆಯ ಬೆಲೆಯನ್ನೇ ಹಿಡಿದುಕೊಂಡಿವೆ. ಕೆಲವು ಪಿಎಲ್‌ಸಿಗಳಲ್ಲಿ ಹಾಗೇ ಇರುತ್ತದೆ. ಕನೆಕ್ಷನ್ ಫಾಲ್ಟ್ ಬಿಟ್ ಬಂದರೆ ರಿಸಲ್ಟ್ ವ್ಯಾಲಿಡ್ ಓದಬಾರದು ಅಂತ ಒಂದು ಷರತ್ತು ಸೇರಿಸಿ.

ಬೆಲ್ಟ್‌ಪಕ್ಕ

ಕೊನೆಯ ಬೆಲೆ ಹಿಡಿದುಕೊಂಡಿದ್ದೇ ನಿಜ. ಫಾಲ್ಟ್ ಬಿಟ್ ಸೇರಿಸಿ ಮತ್ತೆ ಕೇಬಲ್ ಕಿತ್ತೆ. ಈಗ ಕಿತ್ತ ಮೇಲೆ ಬಂದ ಮೊದಲ ಪೀಸ್‌ನಿಂದಲೇ ಹೊರಗೆ ಹೋಗುತ್ತಿವೆ. ಕವಚಕ್ಕೆ ಅಳತೆ ತೆಗೆದುಕೊಂಡು ಹೋಗಿದ್ದಾರೆ.